ನಂದಿಯ ಎಡಗಣ್ಣು

ಬೆಳಗಿನ ಪೂಜೆ ಮುಗಿಸಿ ರೇವಣಪ್ಪ ಹೊರಗೆ ಬಂದಾಗ ಕಟ್ಟೆಯ ಮೇಲೆ ಅವನ ಜಾಗದಲ್ಲಿ ದಾನೇಶ್ವರಿ ಕೂತಿದ್ದಳು. ತೊಡೆಯ ಮೇಲೆ ವಹಿ, ಕೈಯಲ್ಲಿ ಪೆನ್ನು. ಅವನನ್ನು ಕಂಡು ಎದ್ದು ನಿಂತು ಶರಣಾರ್ಥಿ ಅಂದಳು.

ಆಕೆ ಉದಗೀರದ ಕೈಲಾಸ ಥೇಟರಿನ ಸಾಹುಕಾರರ ಮನೆಯ ಸೊಸೆ. ಭೂಕಂಪದಲ್ಲಿ ಗೋಡೆ ಸೀಳಿ ಹದಿಮೂರು ವರ್ಷ ಬೀಗ ಬಿದ್ದಿದ್ದ ಆ ಥೇಟರನ್ನು ಅವರ ಮನೆಯವರು ಎರಡು ವರ್ಷದಿಂದ ಎಬ್ಬಿಸಿ ನಿಲ್ಲಿಸುತ್ತಿದ್ದರು. ಬಾಲ್ಕನಿಯ ಗಚ್ಚಿನ ನವಿಲುಗಳಿಗೆ ಮತ್ತೆ ಕೊಕ್ಕು ಬಂದಿತ್ತು. ಹೆಂಗಸರು ಕೂರುವ ಜನಾನಾದ ಮುಂದೆ ಹೊಸ ಬಿದಿರಿನ ತಟ್ಟಿ ಇಳಿಬಿಟ್ಟಿದ್ದರು. ಶ್ರಾವಣದ ಮೊದಲ ಸೋಮವಾರ ಬಾಗಿಲು ತೆರೆಯುವುದೆಂದು ಮಠದ ಸ್ವಾಮಿಗಳು ದಿನ ನೋಡಿ ಹೇಳಿದ್ದರು. ಅದಕ್ಕೆ ಇನ್ನು ಎಂಟೇ ದಿನ.

"ಕಾಕಾ, ಬಾಗಿಲದಾಗ ಒಂದು ದೊಡ್ಡ ಬೋರ್ಡು ಹಾಕ್ತೀವ್ರಿ," ಎಂದಳು ದಾನೇಶ್ವರಿ. "ಥೇಟರಿನ ಕಥಿ ಎಲ್ಲಾ ಅದರ ಮ್ಯಾಲ ಬರಸೋದು. ಒಮ್ಮೆ ಬರಸಿದ್ರ ಬರಸಿದಂಗ. ಮಾವಗ ಏನೂ ನೆನಪಿಲ್ಲ. ನೀವು ಹೇಳ್ರಿ, ನಾ ಬರ್ಕೋತೀನಿ."

ರೇವಣಪ್ಪನಿಗೆ ಹೇಳಲು ಇಷ್ಟೇ ಬೇಕಾಗಿತ್ತು. ಕಾಲು ಮಡಚಿ ಕೂತು ಕಥೆ ತೆಗೆದ.

"ರಜಾಕಾರರ ಗದ್ದಲ ಅಡಗಿ ಎರಡು ವರ್ಷ ಆಗಿತ್ತವ್ವ. ನಿಮ್ಮ ಮಾವನ ಅಪ್ಪ ಶಿವರಾಯ ಸಾಹುಕಾರ್ರು ತೊಗರಿ ಮಾರ್ಲಾಕ ಸೊಲ್ಲಾಪುರಕ್ಕ ಹೋದ್ರು. ಅಲ್ಲಿ ಒಂದು ನಾಟಕ ನೋಡಿ ಬಂದು ಮೂರು ದಿನಾ ಯಾರ ಸಂಗಟಾನೂ ಮಾತಾಡಲಿಲ್ಲ. ನಾಕನೇ ದಿನಾ ಎದ್ದು, ಕಾಳಿನ ವಖಾರಿ ಕೆಡವಿ ಇಲ್ಲಿ ಕೈಲಾಸ ಕಟ್ತೀನಿ ಅಂದ್ರು. ಮಂದಿ ನಕ್ಕರು. ಕಟ್ಟಿದ ಮ್ಯಾಲ ನಕ್ಕವ್ರೇ ಮೊದಲ ಸಾಲಿನಾಗ ಕುಂತ್ರು."

ಅವನು ಹೇಳುತ್ತ ಹೋದ. ಬೇಸಿಗೆಗೆ ಹುಬ್ಬಳ್ಳಿ ಕಡೆಯ ಕಂಪನಿಗಳು ಬರುತ್ತಿದ್ದವು, ಚಳಿಗಾಲಕ್ಕೆ ಮರಾಠಿ ಸಂಗೀತ ನಾಟಕದವರು. ನಡುವೆ ಖಾಲಿ ಉಳಿದ ದಿನಗಳಿಗೆ ತಿರುಗಾಟದ ಮಂದಿ: ಬೆಂಕಿ ನುಂಗುವವನು, ತಲೆಯ ಮೇಲೆ ಏಳು ಕೊಡ ಇಟ್ಟು ಕುಣಿಯುವವಳು, ಗಂಟಲಲ್ಲಿ ಹತ್ತು ಹಕ್ಕಿಯ ದನಿ ಸಾಕಿದ ನಕಲಿಯವನು, ಸೈಕಲ್ಲಿನ ಮೇಲೆ ಅಂಗಾತ ಮಲಗಿ ಪೇಟಿ ಬಾರಿಸುವವನು. ಆಮೇಲೆ ಸಿನಿಮಾದ ಮಷೀನು ಬಂತು. ಆದರೂ ಸಾಹುಕಾರರು ರಂಗದ ಮುಂದಿನ ಕೈಲಾಸದ ಚಿತ್ರದ ಪರದೆ ಬಿಡಲಿಲ್ಲ. ಸಿನಿಮಾ ಇರಲಿ, ನಾಟಕ ಇರಲಿ, ಮೊದಲು ಮಂದಿ ಕೈಲಾಸ ನೋಡಬೇಕು. ಆಮೇಲೆ ಪರದೆ ಮೇಲೇಳಬೇಕು.

"ಆ ಪರದೆ ಇಪ್ಪತ್ತೊಂಬತ್ತು ವರ್ಷ ಎತ್ತಿದ್ದು ಈ ಕೈ," ಎಂದು ರೇವಣಪ್ಪ ಅಂಗೈ ತೋರಿಸಿದ. ಹಗ್ಗ ತಿಂದ ಗೆರೆಗಳು ಇನ್ನೂ ಇದ್ದವು.

ದಾನೇಶ್ವರಿ ಬರೆದುಕೊಂಡಳು. ನಂತರ ತಲೆ ಎತ್ತಿ ಕೇಳಿದಳು. "ಆ ಪರದೆ ಮ್ಯಾಲ ಕೈಲಾಸ ಬರದಾವ್ರು ಯಾರ್ರಿ ಕಾಕಾ?"

"ಸೊಲ್ಲಾಪುರದ ಯಾವನೋ ಪೇಂಟರ್. ಹೆಸರು ನೆನಪಿಲ್ಲವ್ವ."

ಒಳಗೆ ಅಡಿಗೆ ಮನೆಯಲ್ಲಿ ತಟ್ಟೆಯೊಂದು ಸದ್ದು ಮಾಡಿ ಬಿತ್ತು.

ದಾನೇಶ್ವರಿ ಹೋದಮೇಲೆ ಹೆಂಡತಿ ಶಿವಗಂಗಾಬಾಯಿ ಹೊಸ್ತಿಲಿಗೆ ಬಂದು ನಿಂತಳು. ಕೈಯೆಲ್ಲ ಜೋಳದ ಹಿಟ್ಟು.

"ಲಿಂಗಾ ಕೈಯಾಗ ಹಿಡದು ಬಂದು ಇನ್ನಾ ಅರ್ಧ ತಾಸು ಆಗಿಲ್ಲ. ಸುಳ್ಳ ಹೇಳ್ಲಾಕ ಕುಂತ್ರಿ?"

"ಏನ ಸುಳ್ಳ?"

"ಸೊಲ್ಲಾಪುರ ಅಂತ! ನಿಲಂಗಾದಾಗ ಕುಂತಾನಲ್ಲ ಅಂಬಾದಾಸಣ್ಣ, ಅಂವಾ ಯಾವಾಗ ಸೊಲ್ಲಾಪುರದಾಂವಾ ಆದ?"

"ನಿನ್ನ ರೊಟ್ಟಿ ಸೀದ್ಲಾಕತ್ತದ ನೋಡು."

"ರೊಟ್ಟಿ ಒಲಿ ಮ್ಯಾಲೇ ಇಲ್ಲ," ಎಂದಳು ಆಕೆ. "ಸೀಯೋ ವಾಸನಿ ಬ್ಯಾರೆ ಕಡಿಂದ ಬರ್ಲಾಕತ್ತದ."

ಸಗಣಿಯ ಕುಳ್ಳು ಪೂರ್ತಿ ಸುಟ್ಟರೆ ವಿಭೂತಿ. ಅರ್ಧ ಸುಟ್ಟು ಬೂದಿಯೊಳಗೆ ಉಳಿದರೆ ಕೆಂಡ. ಮೇಲಿಂದ ಎರಡೂ ಬಿಳಿಯೇ. ಕೈ ಇಟ್ಟವನಿಗೆ ಮಾತ್ರ ಭೇದ ಗೊತ್ತು. ರೇವಣಪ್ಪನ ಬೂದಿಯೊಳಗೆ ನಲವತ್ನಾಲ್ಕು ವರ್ಷದಿಂದ ಒಂದು ಕೆಂಡ ಇತ್ತು.

ಅವನೂ ಅಂಬಾದಾಸನೂ ಒಂದೇ ವಾರಿಗೆಯವರು. ನಾಟಕ ಕಂಪನಿಯ ಸಂಗಡ ಬಂದು ಉದಗೀರದಲ್ಲೇ ನಿಂತುಬಿಟ್ಟ ಕಾಶೆಪ್ಪ ಮಾಸ್ತರರ ಹತ್ತಿರ ಇಬ್ಬರೂ ಕುಂಚ ಹಿಡಿಯಲು ಕಲಿತರು. ಬಿಳಿ ಬಣ್ಣದ ಸಫೇದಾ ಅರೆಯುವುದು, ಕಾಡಿಗೆ ಹಿಡಿಯುವುದು, ಬಟ್ಟೆಗೆ ಎಣ್ಣೆ ಕುಡಿಸುವುದು, ಎಲ್ಲ ಒಂದೇ ಪಡಸಾಲೆಯಲ್ಲಿ. ಮಾಸ್ತರರು ಒಂದು ಕಟ್ಟಳೆಯನ್ನು ಇಬ್ಬರಿಗೂ ಹೇಳಿಕೊಟ್ಟಿದ್ದರು. ದೇವರ ಚಿತ್ರಕ್ಕೆ ಕಣ್ಣು ಕಡೆಗೆ. ಕಣ್ಣು ತೆರೆಸುವ ದಿನ ಬರೆಯುವವನು ಹೊಟ್ಟೆಯಲ್ಲಿ ಅನ್ನ ಇಟ್ಟುಕೊಳ್ಳಬಾರದು. ಚಿತ್ರದೊಳಗಿನ ಪ್ರತಿಯೊಂದು ಕಣ್ಣೂ ಮುಗಿಯುವ ತನಕ ತನ್ನ ಹೆಸರು ಹಾಕಬಾರದು. "ಹೆಸರು ಹಾಕೋದು ಧಣಿ ಅಂತಲ್ರೋ, ಆಳು ಅಂತ. ಕೆಲಸಾ ಮುಗೀದ ಆಳು ಎಲ್ಲಿ ಸಹಿ ಮಾಡ್ತಾನ?" ಎನ್ನುತ್ತಿದ್ದರು.

ಮಾಸ್ತರರು ತೀರಿದ ಮರುವರ್ಷ ಶಿವರಾಯ ಸಾಹುಕಾರರು ಹೊಸ ಪರದೆ ಮಾಡಿಸಲು ಹೊರಟರು. ಶಿಷ್ಯರಿಬ್ಬರನ್ನೂ ಕರೆದು, ತಮ್ಮ ಹೊಸ ವಖಾರಿಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ನಂದಿ ಬರೆಯಲು ಹೇಳಿದರು. ರೇವಣಪ್ಪನ ನಂದಿ ಅಳತೆಗೆ ತಪ್ಪಲಿಲ್ಲ. ಹಿಣಿಲು, ಗಂಗೆದೊಗಲು, ಗೊರಸು, ಎಲ್ಲವೂ ಮಾಸ್ತರರು ಕಲಿಸಿದ ಹಾಗೆ. ಅಂಬಾದಾಸನ ನಂದಿಯ ಹಿಂಗಾಲು ಒಂದು ಕೂದಲಷ್ಟು ಗಿಡ್ಡ. ಆದರೆ ಅದು ನೋಡುತ್ತಿತ್ತು. ಕಾಳಿನ ಚೀಲ ಹೊತ್ತು ಬಂದ ಹಮಾಲರು ಅದರ ಮುಂದೆ ಬಂದು ತಾವೇ ನಿಲ್ಲುತ್ತಿದ್ದರು. ಯಾರೂ ಬಾಯಿಬಿಡುವ ಮೊದಲೇ ರೇವಣಪ್ಪನಿಗೆ ಗೊತ್ತಾಯಿತು. ಅದೇ ಅವನಿಂದ ಸಹಿಸಲಾಗದೆ ಹೋದದ್ದು. ತಾನು ಸೋತದ್ದನ್ನು ಊರಿನಲ್ಲಿ ಎಲ್ಲರಿಗಿಂತ ಮೊದಲು ಕಂಡವನು ತಾನೇ.

ಅಂಬಾದಾಸನಿಗೆ ಪರದೆ ಹೋಯಿತು. ರೇವಣಪ್ಪನಿಗೆ ಪರದೆಯ ಹಗ್ಗ ಬಂತು.

ಏಳು ತಿಂಗಳು ಅಂಬಾದಾಸ ರಂಗದ ಮೇಲೆ ಮಂಡಿಯೂರಿ ಕೈಲಾಸ ಬರೆದ. ಹಿಮ, ಜಡೆ, ಗೌರಿಯ ಹಸಿರು ಸೀರೆ, ಕೆಳಗೆ ಎಡಕ್ಕೆ ಮಂದಿಯ ಕಡೆ ಮುಖ ಮಾಡಿ ಮಲಗಿದ ನಂದಿ. ಕಣ್ಣು ತೆರೆಸುವ ದಿನ ಸಾಹುಕಾರರು, ಪೇಟೆಯ ಹಿರಿಯರು, ಹಮಾಲರು ಎಲ್ಲ ಸೇರಿದ್ದರು. ಶಿವನಿಗೆ ಕಣ್ಣು ಬಂತು, ಗೌರಿಗೆ ಬಂತು, ನಂದಿಯ ಬಲಗಣ್ಣೂ ಆಯಿತು. ಆಗ ಅಂಬಾದಾಸ ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ರೇವಣಪ್ಪನ ಮುಂದೆ ಬಂದ.

"ನಂದಿ ಎಡಗಣ್ಣು ರೇವಣ್ಯಾಗ ಬಿಟ್ಟೀನಿ. ಒಂದೇ ಗುರುವಿನ ಮಕ್ಕಳು ನಾವು. ಅಂವಾ ತೆರಸ್ಲಿ, ಆಮ್ಯಾಲ ನಾ ಹೆಸರು ಹಾಕ್ತೀನಿ."

ಇಡೀ ಕೈಲಾಸ ಅವನು ಬರೆದು, ತನಗೆ ಕಡಲೆಕಾಳಿನಷ್ಟು ಜಾಗ! ಎಲ್ಲರೆದುರು ಭಿಕ್ಷೆ! ರೇವಣಪ್ಪನ ಕಿವಿ ಕೆಂಪಾದವು.

"ನಿನ್ನ ಎತ್ತಿನ ಕಣ್ಣಿಗಿ ನಾ ಯಾಕ ಔಷಧ ಹಾಕ್ಲಿ?" ಎಂದುಬಿಟ್ಟ.

ಹಮಾಲರು ಘೊಳ್ಳೆಂದು ನಕ್ಕರು. ಅಂಬಾದಾಸ ನಗಲಿಲ್ಲ. ಮೂರು ದಿನ ಕಾದ. ನೀನೇ ಮುಗಿಸಪ್ಪಾ ಎಂದು ಸಾಹುಕಾರರು ಹೇಳಿದರೆ, "ಆ ಕಣ್ಣು ನಂದಲ್ರೀ, ಕೊಟ್ಟುಬಿಟ್ಟೀನಿ. ಕೊಟ್ಟಿದ್ದು ಹೆಂಗ ತಿರಗಿ ತಗೊಳ್ಳಿ?" ಎಂದ. ನಾಲ್ಕನೆಯ ದಿನ ಪೆಟ್ಟಿಗೆ ಹೊತ್ತುಕೊಂಡು ನಿಲಂಗಾಕ್ಕೆ ಹೋದ. ಅಲ್ಲಿ ಅಂಗಡಿಯ ಬೋರ್ಡು, ಲಾರಿಯ ಹಣೆ, ಪೋಳಾ ಹಬ್ಬಕ್ಕೆ ಎತ್ತಿನ ಕೋಡು ಬರೆದು ಬದುಕಿದ.

ಪರದೆಯ ಮೂಲೆಯಲ್ಲಿ ಹೆಸರಿರಲಿಲ್ಲ. ಹತ್ತು ವರ್ಷ ಕಳೆದಮೇಲೆ ಹೊಸ ಮ್ಯಾನೇಜರ್ ಒಬ್ಬ ಕೇಳಿದಾಗ, ಬಟ್ಟೆ ಸೊಲ್ಲಾಪುರದ್ದು ಎಂಬುದನ್ನು ನೆನೆದು ರೇವಣಪ್ಪ, ಪೇಂಟರನೂ ಸೊಲ್ಲಾಪುರದವನು ಎಂದ. ಅಲ್ಲಗಳೆಯಬಲ್ಲವರು ಒಬ್ಬೊಬ್ಬರಾಗಿ ಶಿವನ ಪಾದ ಸೇರಿದರು. ಸುಳ್ಳು ಊರಿನ ಕಥೆಯಾಯಿತು. ನಿಲಂಗಾದ ಮೇಲೆ ಹಾಯುವ ಬಸ್ಸಿನಲ್ಲಿ ಎಷ್ಟೋ ಸಲ ಹೋದರೂ ರೇವಣಪ್ಪ ಆ ಸ್ಟ್ಯಾಂಡಿನಲ್ಲಿ ನೀರು ಕುಡಿಯಲು ಸಹ ಇಳಿಯಲಿಲ್ಲ. ಕಿಟಕಿಯಿಂದ ಕಿರಾಣಿ ಅಂಗಡಿಯ ಬೋರ್ಡಿನ ಮೇಲೊಂದು ಆಕಳು ಕಂಡರೆ ಕಣ್ಣು ಮುಚ್ಚುತ್ತಿದ್ದ. ಆ ಆಕಳೂ ನೋಡುತ್ತಿತ್ತು.

ಗಣಪತಿ ಕಳಿಸಿದ ಮಾರನೆಯ ನಸುಕಿನಲ್ಲಿ ಭೂಮಿ ನಡುಗಿದ ವರ್ಷ ಇನ್ನೊಂದು ಸಂಗತಿ ನಡೆಯಿತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಥೇಟರಿನ ಹಿಂಗೋಡೆ ಮೇಲಿಂದ ಕೆಳಗೆ ಸೀಳಿತ್ತು. ಉಮರ್ಗಾ ಕಡೆಗೆ ರೊಟ್ಟಿ, ಕಂಬಳಿ ಹೊತ್ತ ಲಾರಿಗಳು ಹೊರಟಿದ್ದವು. ಅಲ್ಲಿ ಮಳೆ, ಮಂದಿಯ ತಲೆಯ ಮೇಲೆ ಸೂರು ಇಲ್ಲ. ಮುಪ್ಪಿನ ಶಿವರಾಯ ಸಾಹುಕಾರರು ಕೋಲೂರಿ ಬಂದು, "ಎಣ್ಣಿ ಕುಡದ ಬಟ್ಟಿ, ನೀರ ಸೋರಂಗಿಲ್ಲ. ಪರದೆ ಇಳಸೋ ರೇವಣ್ಯಾ, ಅವ್ರು ಶಿವನ ಕೆಳಗ ಮಲಗ್ಲಿ," ಎಂದರು. ರೇವಣಪ್ಪನೇ ಗಡಗಡಿಯಿಂದ ಹಗ್ಗ ಬಿಚ್ಚಿದ. ಎಲ್ಲರೂ ಸತ್ತವರಿಗಾಗಿ ಅಳುತ್ತಿದ್ದರು. ಅವನೂ ಅತ್ತ. ಅಳುತ್ತಿರುವಾಗಲೇ, ಲಾರಿ ಕಣ್ಮರೆಯಾದ ಗಳಿಗೆಯಲ್ಲಿ, ಹೊಟ್ಟೆಯೊಳಗೆ ಏನೋ ತಂಪಾಯಿತು. ಅಂಬಾದಾಸನ ಕೈಲಾಸ ಹೋಯಿತು. ಇನ್ನು ಮಳೆಯಲ್ಲಿ ಕೊಳೆಯುತ್ತದೆ.

ಅಂಥ ದಿನ ಅಂಥ ತಂಪು. ಆಮೇಲೆ ಪ್ರತಿ ಸೋಮವಾರ ಪೂಜೆಗೆ ಕೂತಾಗ ಅದು ನೆನಪಾಗಿ ಅವನ ಅಂಗೈಯ ಲಿಂಗ ಭಾರವಾಗುತ್ತಿತ್ತು.

ಎರಡು ದಿನ ಬಿಟ್ಟು ದಾನೇಶ್ವರಿ ಮತ್ತೆ ಬಂದಳು. ಈ ಸಲ ಓಡುತ್ತ.

"ಕಾಕಾ! ಪರದೆ ಸಿಕ್ತು! ಉಮರ್ಗಾದ ಆಚಿಗಿ, ಮುರುಮ ರಸ್ತಾದಾಗ, ಭೂಕಂಪದ ಮಂದಿಗಿ ಕಟ್ಟಿದ ಹೊಸ ಊರದಲ್ಲ, ಅಲ್ಲಿ ಇಟ್ಟಾರಂತ. ಕೊಡ್ತೀವಿ ಅಂದಾರ. ನಡೀರಿ, ಅದಕ ಮಡಚೋದು ನಿಮಗೇ ಗೊತ್ತು."

"ಹದಿನೈದು ವರ್ಷ! ಇಲಿ ತಿಂದಿರಬೇಕವ್ವ. ಸುಮ್ನ ಯಾಕ ಹೋಗ್ಬೇಕು?"

"ಹೋಗ್ರಿ ಹೋಗ್ರಿ," ಎಂದಳು ಒಳಗಿನಿಂದ ಶಿವಗಂಗಾಬಾಯಿ. "ನಿಲಂಗಾದ ಮ್ಯಾಲಿಂದೇ ಹೋಗ್ತದ ರಸ್ತಾ."

ಸಾಹುಕಾರರ ಜೀಪು ನಸುಕಿಗೇ ಹೊರಟಿತು. ಪೂಜೆ ಮಾಡಿಕೊಂಡು ಹಾಗೇ ಹತ್ತಿದ ರೇವಣಪ್ಪ ಏನೂ ತಿಂದಿರಲಿಲ್ಲ. ನಿಲಂಗಾ ಬಂದಾಗ ರೂಢಿಯಂತೆ ಕಣ್ಣು ಮುಚ್ಚಿದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಬೇಡಿಕೆ: ಶಿವನೇ, ಇಲಿ ತಿಂದಿರಲಿ. ಬೇಡಿದ್ದು ತಿಳಿದು ನಾಲಿಗೆ ಕಚ್ಚಿಕೊಂಡ. ಮತ್ತೆ ಅದನ್ನೇ ಬೇಡಿದ.

ಹೊಸ ಊರಿನ ಗುಡಿಯ ಪಡಸಾಲೆಯಲ್ಲಿ ಸುಮನಬಾಯಿ ಎಂಬಾಕೆ ಕಾದಿದ್ದಳು. ಐವತ್ತರ ಹೆಂಗಸು, ಗಟ್ಟಿ ದನಿ. ಪರದೆ ಬಿದಿರಿಗೆ ಸುತ್ತಿ, ನಡುನಡುವೆ ಬೇವಿನ ಸೊಪ್ಪು ಇಟ್ಟು, ಹಳೆಯ ಕೌದಿ ಹೊದೆಸಿಟ್ಟಿದ್ದರು. ಅಂಗಳದಲ್ಲಿ ಹೆಂಗಸರೆಲ್ಲ ಹಿಡಿದು ಬಿಚ್ಚಿದರು.

ಒಂದೂ ಇಲಿ ತಿಂದಿರಲಿಲ್ಲ. ಹರಿದಲ್ಲಿ ಕೌದಿಯ ಹೊಲಿಗೆ ಹಾಕಿದ್ದರು, ಒಂದೊಂದು ಟಾಕಿಯೂ ಸಣ್ಣ, ಸಾಲಾಗಿ. ಹಿಮ ಹೊಗೆ ಕುಡಿದು ಹಳದಿಯಾಗಿತ್ತು, ಅಷ್ಟೇ. ಗೌರಿಯ ಸೀರೆ ಇನ್ನೂ ಹಸಿರು. ಕೆಳಗೆ ಎಡಕ್ಕೆ ನಂದಿ ಬಲಗಣ್ಣಿನಿಂದ ರೇವಣಪ್ಪನನ್ನು ನೋಡಿತು. ಎಡಗಣ್ಣಿನ ಜಾಗ ಸಫೇದಾದ ಬಿಳಿ ಗುಂಡು, ಅವನು ಬಿಟ್ಟಂತೆಯೇ ಇತ್ತು.

"ನನ್ನ ಮೀನಲ ಆಗ ಮೂರು ವರ್ಷದಾಕಿ," ಎಂದಳು ಸುಮನಬಾಯಿ ನಂದಿಯ ಹತ್ತಿರ ಕೂತು. "ಅಕ್ಕ ಮಣ್ಣಾಗ ಹೋಗಿದ್ದು ನೋಡ್ಯಾಳ. ಕಣ್ಣ ಮುಚ್ಚಿದ್ರ ಮತ್ತ ಭೂಮಿ ನಡಗ್ತದ ಅಂತ ಮಲಗ್ಲಾಕೇ ಒಲ್ಲಳು. ಹಿಂಗೇ ಎಷ್ಟು ಕೂಸುಗಳು! ಈ ಪರದೆ ನಮ್ಮ ತಲಿ ಮ್ಯಾಲ ಇತ್ತಲ್ರೀ, ಒಂದಿನಾ ನಮ್ಮತ್ತಿ ತೋರಸಿದ್ರು: ನೋಡ್ರೆ, ನಂದೆಣ್ಣ ಒಂದು ಕಣ್ಣ ಮುಚ್ಚಿ ಮಲಗ್ಯಾನ, ಒಂದು ಕಣ್ಣ ತೆರದು ನಮ್ಮನ್ನ ಕಾಯ್ಲಾಕತ್ತಾನ. ಅಂವಾ ಮಲಗ್ಯಾನ ಅಂದ್ರ ಭೂಮಿ ಗಟ್ಟಿ ಅದ. ನೀವೂ ಮಲಗ್ರಿ. ಆವತ್ತ ಮಲಗ್ಯಾವ ನೋಡ್ರಿ ಕೂಸು!"

ಹೆಂಗಸರಲ್ಲಿ ಒಬ್ಬಾಕೆ ನಂದಿಯ ಕಿವಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಇಷ್ಟು ಪ್ರೀತಿ ಮಾಡಿ ಮತ್ತ ಕೊಡ್ಲಾಕತ್ತೀರಲ್ರೀ," ಎಂದಳು ದಾನೇಶ್ವರಿ ಮೆಲ್ಲಗೆ.

"ಈ ಪರದೆ ನಮ್ಮ ಮಗಳಿದ್ದಂಗ್ರಿ. ಆಕಿ ಮನಿ ಬಿದ್ದಿತ್ತಂತ ಇಲ್ಲಿ ಬಂದಿದ್ಲು. ಈಗ ಮನಿ ಎದ್ದದ. ತವರಾಗ ಮಗಳಿಗಿ ಎಷ್ಟು ದಿನಾ ಇಟ್ಕೋಬೇಕ್ರಿ?" ಸುಮನಬಾಯಿ ನಕ್ಕು ಕಣ್ಣೊರೆಸಿಕೊಂಡಳು. "ಖರೆ ಒಂದು ಮಾತು ಕೊಡ್ರಿ. ಆ ಕಣ್ಣು ಯಾರೂ ತೆರಸಬ್ಯಾಡ್ರಿ."

ದಾನೇಶ್ವರಿ ರೇವಣಪ್ಪನ ಕಡೆ ನೋಡಿದಳು. ಅವನು ತಲೆಯಾಡಿಸಿದ. "ಮಾತು ಕೊಟ್ಟೀನವ್ವ."

"ಭಾಳ ತಿಳಿದಾಂವಾ ಇರ್ಬೇಕ್ರಿ ಅಂವಾ, ಬರದಾಂವಾ," ಎಂದಳು ಸುಮನಬಾಯಿ. "ನಮ್ಮ ಕೂಸುಗಳ ಭಯಾ ಅಂವಗ ಮೊದಲೇ ಗೊತ್ತಿತ್ತು ಅನಸ್ತದ. ಅದಕ್ಕೇ ಬೇಕಂತ ಒಂದು ಕಣ್ಣು ಬರೀದೆ ಬಿಟ್ಟಾನ. ಎಲ್ಲಾ ಬರಿಯಾವ್ರು ಅದಾರ. ಬಿಡಾವ್ರು ಎಲ್ಲಿ ಸಿಗ್ತಾರ?"

ರೇವಣಪ್ಪನ ಬೂದಿಯೊಳಗಿನ ಕೆಂಡ ಭಗ್ಗೆಂದಿತು.

ಇದೂ ಅವನಿಗೇ! ಕೈಲಾಸ ಅವನದು, ಹಿಮ ಅವನದು, ನೋಡುವ ಬಲಗಣ್ಣು ಅವನದು, ಇರಲಿ. ಆ ಬಿಳಿ ಗುಂಡು ಯಾರದು? ಅಂಬಾದಾಸ ಬಿಟ್ಟದ್ದಲ್ಲ, ನಾನು ಬಿಟ್ಟದ್ದು! ಆ ಪರದೆಯ ಮೇಲೆ ನನ್ನದೆನ್ನುವುದು ಅದೊಂದೇ, ಅದನ್ನೂ ಅವನ ಉಡಿಗೆ ಹಾಕುತ್ತಿದ್ದಾರೆ!

ಹೆಂಗಸರು ಪರದೆಯನ್ನು ಸುತ್ತಿ, ಮಗಳನ್ನು ಕಳಿಸುವಂತೆ ಅದಕ್ಕೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ, ಒಂದು ಖಣ. ಹೋಳಿಗೆಯ ಅಡಿಗೆ ಮಾಡಿದ್ದರು. ದಾನೇಶ್ವರಿ ಉಂಡಳು. ರೇವಣಪ್ಪ ಒಲ್ಲೆನೆಂದ.

"ಮೈಯಾಗ ಆರಾಮ ಇಲ್ರೀ ಕಾಕಾ?"

"ಹೊಟ್ಯಾಗ ಜಾಗಾ ಇಲ್ಲವ್ವ."

ಜೀಪು ಹಿಂದಿರುಗಿತು. ಪರದೆ ಹಿಂದೆ, ಉದ್ದಕ್ಕೆ. ರೇವಣಪ್ಪ ಲೆಕ್ಕ ಹಾಕುತ್ತಿದ್ದ. ಆ ಕಣ್ಣು ನನ್ನದು ಎಂದು ಹೇಳಬೇಕು. ಹೇಗೆ ಹೇಳುವುದು? ನಾನು ಬಿಟ್ಟೆ ಎಂದರೆ, ನಿಮಗ್ಯಾಕ ಬರೀಲಾಕ ಕೊಟ್ಟಿದ್ರು ಎನ್ನುತ್ತಾರೆ. ಕೊಟ್ಟವನಿದ್ದ ಎಂದರೆ, ಕೊಟ್ಟವನು ಯಾರು ಎನ್ನುತ್ತಾರೆ. ಯಾವ ದಾರಿ ಹಿಡಿದರೂ ಕೊನೆಗೆ ಅಂಬಾದಾಸನ ಮನೆಯ ಬಾಗಿಲೇ ಬರುತ್ತಿತ್ತು.

ದಾನೇಶ್ವರಿ ವಹಿ ತೆರೆದು ಬರೆಯುತ್ತಿದ್ದಳು. ಖುಷಿಯಲ್ಲಿ ಓದಿಯೂ ಹೇಳಿದಳು. "ಕೇಳ್ರಿ ಕಾಕಾ, ಬೋರ್ಡಿಗಿ ಹಿಂಗ ಬರೀತೀನಿ. 'ಹೆಸರು ತಿಳಿಯದ ಆ ಮಹಾನುಭಾವ ಕಲಾವಿದ, ಮುಂದಾಗುವುದನ್ನು ಅರಿತವನಂತೆ, ನಂದಿಯ ಒಂದು ಕಣ್ಣನ್ನು ಬೇಕೆಂದೇ…'"

"ಬೇಕಂತ ಬಿಟ್ಟಿಲ್ಲ ಅಂವಾ!" ರೇವಣಪ್ಪನ ದನಿಗೆ ಡ್ರೈವರ್ ಬೆಚ್ಚಿ ಹಿಂದೆ ನೋಡಿದ. "ಆ ಕಣ್ಣು ನಂದು! ನಾ ಬಿಟ್ಟಿದ್ದು! ಅಂವಗ ಮಹಾನುಭಾವ ಅಂತಾರ, ಮಹಾನುಭಾವ! ಅಂಬಾದಾಸಗ ಏನ ಗೊತ್ತಿತ್ತು? ಕುಂಚಾ ಹಿಡಕೊಂಡು ಅಳೂ ಮಾರಿ ಮಾಡಿ ನಿಂತಿದ್ದ!"

"ಯಾವ ಅಂಬಾದಾಸ್ರೀ?"

ಹೆಸರು ಬಾಯಿಂದ ಬಿದ್ದುಬಿಟ್ಟಿತ್ತು. ಬಿದ್ದ ಹೆಸರನ್ನು ಎತ್ತಿ ಮತ್ತೆ ಬಾಯೊಳಗೆ ಇಟ್ಟುಕೊಳ್ಳಲು ಬರುವುದಿಲ್ಲ. ರೇವಣಪ್ಪ ಕಿಟಕಿಯ ಹೊರಗೆ ನೋಡುತ್ತ ಎಲ್ಲ ಹೇಳಿದ. ಇದ್ದಿಲಿನ ನಂದಿ, ಎರಡು ಕೈಯಲ್ಲಿ ಹಿಡಿದ ಕುಂಚ, ಎತ್ತಿನ ಕಣ್ಣಿನ ಔಷಧ, ಸೊಲ್ಲಾಪುರದ ಸುಳ್ಳು. ಲಾರಿ ಹೋದ ದಿನದ ತಂಪನ್ನೂ ಹೇಳಿದ. ದಾನೇಶ್ವರಿ ಬರೆಯಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ ಸುಮ್ಮನೆ ಕೇಳಿದಳು.

"ಅವ್ರು ಇನ್ನಾ ಇದ್ದಾರೇನ್ರಿ ಕಾಕಾ?"

ರಸ್ತೆಯ ಪಕ್ಕದಲ್ಲಿ ನಿಲಂಗಾದ ಮೊದಲ ಅಂಗಡಿಗಳು ಬಂದಿದ್ದವು. ಕಿರಾಣಿ ಬೋರ್ಡಿನ ಮೇಲಿನ ಆಕಳು, ಬಣ್ಣ ಮಾಸಿ, ಇನ್ನೂ ನೋಡುತ್ತಿತ್ತು. ಈ ಸಲ ರೇವಣಪ್ಪ ಕಣ್ಣು ಮುಚ್ಚಲಿಲ್ಲ.

"ಜೀಪ್ ನಿಲ್ಲಸಪ್ಪಾ," ಎಂದ.

ಅಂಬಾದಾಸ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ತೊಡೆಯ ಮೇಲಿಟ್ಟ ಕೈ ತಾನೇ ನಡುಗುತ್ತಿತ್ತು. ರೇವಣಪ್ಪ ಕೆಮ್ಮಿದ ಸದ್ದಿನಿಂದಲೇ ಗುರುತು ಹಿಡಿದ.

"ಬಂದ್ಯಾ ರೇವಣ್ಯಾ? ಭಾಳ ತಡಾ ಮಾಡ್ದಿ. ಕುಂಚಾ ಒಣಗಿ ಹೋಗ್ಯದ."

"ಚೇಷ್ಟಾ ಮಾಡಬ್ಯಾಡ. ಪರದೆ ತಂದೀನಿ."

"ನಮ್ಮದಾ?"

'ನಮ್ಮದು' ಎಂಬ ಮಾತು ಕೇಳಿ ರೇವಣಪ್ಪ ಪರದೆ ಇಳಿಸಲು ಜೀಪಿನ ಕಡೆ ತಿರುಗಿದ.

ಅಂಬಾದಾಸನ ಹೆಂಡತಿ ರಂಭಾಬಾಯಿ ಅಂಗಳ ಗುಡಿಸಿಕೊಟ್ಟಳು. ಪರದೆಯ ಕೆಳಗಿನ ಎಡಭಾಗವನ್ನಷ್ಟೇ ಬಿಚ್ಚಿದರು. ಅಂಬಾದಾಸ ಮಂಡಿಯೂರಿ, ಮೂಗು ತಾಗುವಷ್ಟು ಬಾಗಿ ನಂದಿಯ ಮೇಲೆ ಕೈಯಾಡಿಸಿದ. ಹಿಂಗಾಲಿನ ಹತ್ತಿರ ಕೈ ನಿಲ್ಲಿಸಿ, "ಗಿಡ್ಡ ಆಗಿತ್ತು. ನಿನ್ನ ನಂದೀದು ಬರೋಬ್ಬರಿ ಇತ್ತು," ಎಂದ. ಆಮೇಲೆ ಎಡಗಣ್ಣಿನ ಬಿಳಿ ಗುಂಡಿಗೆ ಬಂದ.

"ಉಂಡೀ?"

"ಇಲ್ಲ."

"ಹಂಗಾದ್ರ ನಡೀತದ. ತೆರಸು."

"ತೆರಸಂಗಿಲ್ಲ. ಉಮರ್ಗಾದ ಹೆಣ್ಣಮಕ್ಕಳಿಗಿ ಮಾತು ಕೊಟ್ಟೀನಿ."

ದಾನೇಶ್ವರಿ ಸುಮನಬಾಯಿಯ ಕಥೆ ಹೇಳಿದಳು. ಅಂಬಾದಾಸ ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿದ. ಆಮೇಲೆ ತಲೆಯಾಡಿಸಿದ.

"ಭಾಳ ಛಲೋ. ಖರೆ ನಾ ಹೆಸರು ಹಾಕಂಗಿಲ್ಲ."

"ಯಾಕ್ರೀ ಅಂಬಾದಾಸ ಕಾಕಾ?" ದಾನೇಶ್ವರಿ ಅಳುವಂತಾದಳು. "ಬೋರ್ಡಿಗಿ ನಿಮ್ಮ ಹೆಸರು ಬೇಕಲ್ರೀ!"

"ಕಣ್ಣು ಮುಗೀದೆ ಹೆಸರಿಲ್ಲವ್ವ. ಮಾಸ್ತರ ಮಾತು. ಪರದೆ ಮ್ಯಾಲ ಇಲ್ಲದ್ದು ಬೋರ್ಡಿನ ಮ್ಯಾಲ ಹೆಂಗ ಬಂತು?"

"ಮುದುಕ ಆದ್ರೂ ಸೊಕ್ಕು ಹೋಗಿಲ್ಲ ನೋಡು ಇವಂದು!" ಎಂದ ರೇವಣಪ್ಪ.

"ನಿಂದು ಹೋಗ್ಯದೇನು? ತೆರಸಂದ್ರ ಆವತ್ತೂ ಒಲ್ಲೆ ಅಂದಿ, ಇವತ್ತೂ ಒಲ್ಲೆ ಅಂತಿ."

ಇಬ್ಬರೂ ಮುಖ ತಿರುಗಿಸಿ ಕೂತರು. ಬೇವಿನ ಕಾಯಿಯೊಂದು ಪರದೆಯ ಮೇಲೆ ಬಿದ್ದು ಉರುಳಿತು. ಅದು ಉರುಳಿ ನಂದಿಯ ಬಿಳಿ ಗುಂಡಿನ ಹತ್ತಿರ ನಿಂತದ್ದನ್ನು ರೇವಣಪ್ಪ ನೋಡುತ್ತಿದ್ದ. ಸುಮನಬಾಯಿಯ ಮೂರು ವರ್ಷದ ಮಗಳು ಅವನ ಕಣ್ಣಿಗೆ ಕಟ್ಟಿದಳು; ಕಂಡೇ ಇರದ ಕೂಸು, ಅಂಗಾತ ಮಲಗಿ ಮೇಲೆ ನೋಡುತ್ತಿರುವ ಕೂಸು. ಆಕೆ ಕಂಡದ್ದು ಬಿಳಿ ಗುಂಡಲ್ಲ. ಮಲಗಿದ ಕಣ್ಣು. ಮಲಗಿದ ಕಣ್ಣಿಗೂ ಒಂದು ಗೆರೆ ಇರುತ್ತದೆ.

"ರಂಭಾಬಾಯಿ, ಕಾಡಿಗಿ ಕೊಡ್ರಿ," ಎಂದ. "ಒಂದು ಹನಿ ಅಗಸಿ ಎಣ್ಣಿ. ಸಣ್ಣ ಕುಂಚಾ ಇದ್ರ ಸಣ್ಣದು."

ಕೈ ತೊಳೆದು, ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಪರದೆಯ ಮೇಲೆ ಬಾಗಿದ. ಹಗ್ಗ ತಿಂದ ಕೈ ಅದು, ನಲವತ್ನಾಲ್ಕು ವರ್ಷ ಕುಂಚ ಮುಟ್ಟದ ಕೈ. ಒಂದೇ ಉಸಿರಿಗೆ ಬಿಳಿ ಗುಂಡಿನ ಕೆಳಗೆ ಬಿಲ್ಲಿನಂಥ ಒಂದು ಗೆರೆ ಎಳೆದ. ಅದರ ತುದಿಗೆ ಮೂರು ಸಣ್ಣ ರೆಪ್ಪೆಗೂದಲು. ಅಷ್ಟೇ. ಬಿಳಿ ಗುಂಡು ರೆಪ್ಪೆಯಾಯಿತು. ನಂದಿ ಒಂದು ಕಣ್ಣಿನಿಂದ ನೋಡುತ್ತ, ಒಂದು ಕಣ್ಣು ಮುಚ್ಚಿ ಸುಖವಾಗಿ ಮಲಗಿತು.

ರಂಭಾಬಾಯಿ ತನಗರಿವಿಲ್ಲದೆ ಕೈಮುಗಿದಳು. ಅಂಬಾದಾಸ ಮೂಗು ತಾಗಿಸಿ ನೋಡಿದ.

"ಮುಗೀತು," ಎಂದ ರೇವಣಪ್ಪ. "ಹಾಕು ಹೆಸರು."

ಅಂಬಾದಾಸ ತನ್ನ ಕೈ ಎತ್ತಿ ತೋರಿಸಿದ. ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. "ಇದರಿಂದ ಈಗ ಚಹಾದ ಬಟ್ಟಲ ಹಿಡೀಲಾಕ ಬರಂಗಿಲ್ಲೋ. ನೀ ಹಾಕು."

ನಿನ್ನ ಹೆಸರು, ನನ್ನ ಕೈಯಿಂದ! ರೇವಣಪ್ಪನ ಗಂಟಲವರೆಗೆ ಮಾತು ಬಂತು. ಹಮಾಲರು ನಗಲೆಂದು ಆಡಿದ ಅದೇ ಜಾತಿಯ ಮಾತು. ಆದರೆ ಅಂಗಳದಲ್ಲಿ ನಗಲು ಯಾರೂ ಇರಲಿಲ್ಲ. ದಾನೇಶ್ವರಿ ವಹಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮಾತನ್ನು ನುಂಗಿ ಕುಂಚ ಕಾಡಿಗೆಯಲ್ಲಿ ಅದ್ದಿದ.

ಮೂಲೆಯಲ್ಲಿ, ನಂದಿಯ ಗೊರಸಿನ ಕೆಳಗೆ, ಕಾಶೆಪ್ಪ ಮಾಸ್ತರರು ಕಲಿಸಿದ ಗುಂಡು ಕನ್ನಡ ಅಕ್ಷರದಲ್ಲಿ ಕುಂಚವನ್ನು ಒತ್ತಿ, ಸಡಿಲಿಸಿ, ತಿರುವಿ ಬರೆದ: ಅಂಬಾದಾಸ, ಕಾಶೆಪ್ಪ ಮಾಸ್ತರ ಶಿಷ್ಯ. ಬರೆಯುತ್ತ ಬರೆಯುತ್ತ, ಅದು ಯಾರ ಹೆಸರೆಂಬುದು ಮರೆತುಹೋಯಿತು. 'ಅಂ'ದ ಸೊನ್ನೆ ಬೆಳದಿಂಗಳ ಚಂದ್ರನಂತೆ ಕೂತಿತು. ಹೆಸರಿನ ಕೊನೆಯ 'ಸ'ದ ಬಾಲವನ್ನು ಗಾಳಿಯಲ್ಲಿ ಬಿಟ್ಟಂತೆ ಬಿಟ್ಟ.

ಅಂಬಾದಾಸ ಮತ್ತೆ ಬಾಗಿದ. ಒಂದೊಂದೇ ಅಕ್ಷರ ನೋಡಿದ. ಮೊದಲಿನಿಂದ ಮತ್ತೊಮ್ಮೆ ನೋಡಿದ. ಅವನ ಮುಖದಲ್ಲಿ ಸಂತೋಷವಿರಲಿಲ್ಲ.

"ಇಷ್ಟು ಚಂದ ಯಾಕ ಬರದಿ?" ಎಂದ ಕಡೆಗೆ. "ನಲವತ್ತು ವರ್ಷ ಬೋರ್ಡು ಬರದು ತಿಂದಾಂವಾ ನಾನು. ನನ್ನ ಹೆಸರು ನನಗ ಇಷ್ಟು ಚಂದ ಬರೀಲಾಕ ಎಂದೂ ಬಂದಿಲ್ಲ. ಇನ್ನ ಮಂದಿ ಪರದೆ ನೋಡ್ತಾರೋ, ನಿನ್ನ ಅಕ್ಷರ ನೋಡ್ತಾರೋ?"

ಆ ದನಿಯ ತಳದಲ್ಲಿ ಬೂದಿ ಮುಚ್ಚಿದ ಏನೋ ಒಂದು ಕಾದಿತ್ತು. ಲೋಕದಲ್ಲಿ ಬೇರೆ ಯಾರಿಗೂ ಅದು ಕೇಳುತ್ತಿರಲಿಲ್ಲ. ರೇವಣಪ್ಪನಿಗೆ ಕೇಳಿತು. ತನ್ನ ಮನೆಯ ಕೆಂಡ ಯಾರ ಒಲೆಯಲ್ಲಿದ್ದರೂ ಗುರುತು ಸಿಗದೇ ಇರುತ್ತದೆಯೇ.

ಕುಂಚವನ್ನು ಒರೆಸಿ ಎರಡೂ ಕೈಯಲ್ಲಿ ಹಿಡಿದು ಅಂಬಾದಾಸನ ತೊಡೆಯ ಮೇಲೆ ಇಟ್ಟ. ಆಮೇಲೆ ಬೇವಿನ ಬುಡಕ್ಕೆ ಒರಗಿ ಕೂತು, "ರಂಭಾಬಾಯಿ, ರೊಟ್ಟಿ ಇದ್ರ ಹಾಕ್ರಿ," ಎಂದ. "ಹಸಿವಿ ಆಗ್ಯದ."